ತೋಟದ ಕೆರೆಯಲ್ಲಿ ದೋಣಿ ಬಿಡುವ ಮೊದಲು ಕೋಡಿ ನೋಡಿ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಮಾವನವರು ತೋಟದೊಳಗಿನ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿ ಕೆರೆ ಮಾಡಿದರು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ನೀರು ಇರಲಿ ಅಂತ. ಈಗ ಹೋಮ್‌ಸ್ಟೇ ಮಾಡಿದ್ದೇವೆ. ಕೆರೆಯಲ್ಲಿ ಎರಡು ಪೆಡಲ್ ಬೋಟ್ ಇವೆ, ಗಾಳ ಹಾಕುವವರಿಗೆ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಏರಿ ಕೆಳಗಿನ ಹುಲ್ಲಿನ ಬಯಲಲ್ಲಿ ನಾಲ್ಕು ಟೆಂಟ್, ಅದರಾಚೆ ಕೆಲಸದವರ ಲೈನ್ ಮನೆಗಳು. ಏರಿ ನಡುವೆ 20 ಅಡಿ ಎತ್ತರ, 250 ಅಡಿ ಉದ್ದ. ತುಂಬಿದರೆ ಎರಡು ಎಕರೆ ನೀರು. ಹೋದ ಮಳೆಗಾಲದಲ್ಲಿ ಏರಿಯ ಹೊರಬದಿ ಬುಡದಲ್ಲಿ ಒಂದು ಕಡೆ ಜೌಗಾಗಿ ನೀರು ಒಸರಿತು. ಏಡಿ ತೂತು ಅಂತ ಮೇಸ್ತ್ರಿ ಹೇಳುತ್ತಾನೆ. ಇಟಾಚಿಯವನು (ಮಣ್ಣು ಅಗೆಯುವ ಯಂತ್ರ ಓಡಿಸುವವನು) ಹೊರಗಿನಿಂದ ಜೇಡಿಮಣ್ಣು ಮೆತ್ತಿ ಸಿಮೆಂಟ್ ಬಳಿಯೋಣ ಅನ್ನುತ್ತಾನೆ. ಏರಿ ಮೇಲಿನ ಮರಗಳ ಬೇರು ಮಣ್ಣು ಹಿಡಿದಿವೆ, ಭಯ ಬೇಡ ಅಂತ ಯಜಮಾನರು. ಬೇಸಿಗೆಯಲ್ಲಿ ದೋಣಿ ತಳ ತಾಗುತ್ತದೆ ಅಂತ ಏರಿಯನ್ನು ಮೂರಡಿ ಎತ್ತರಿಸುವ ಯೋಚನೆಯೂ ಇದೆ. ಮಳೆಗಾಲಕ್ಕೆ ಮೂರು ವಾರ ಇದೆ. ಏನು ಮಾಡಲಿ? ದಸರಾ ರಜೆಗೆ ಬುಕಿಂಗ್ ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದ ಜತೆ ಬಂದ ಫೋಟೊಗಳಲ್ಲಿ ನನಗೆ ಮೊದಲು ಕಂಡಿದ್ದು ಆ ಜೌಗು ಅಲ್ಲ. ಏರಿಯ ಎಡತುದಿಯಲ್ಲಿ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಅಂತ ಇರುವ ಎರಡಡಿ ಅಗಲದ ಹ್ಯೂಮ್ ಪೈಪು (ಸಿಮೆಂಟ್ ಕೊಳವೆ), ಅದರ ಬಾಯಿಗೆ ಕಟ್ಟಿರುವ ಕೋಳಿಗೂಡಿನ ಮೆಶ್. ಮೀನು ಹೊರಗೆ ಹೋಗದಿರಲಿ ಅಂತ ಕಟ್ಟಿದ್ದೀರಿ, ಅಲ್ವಾ? ಅದನ್ನು ಇವತ್ತೇ ಬಿಚ್ಚಿಸಿ. ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಆತಂಕ ಒಸರಿನದ್ದು, ಅದಕ್ಕೂ ಬರುತ್ತೇನೆ. ಆದರೆ ಮಣ್ಣಿನ ಏರಿ ಒಡೆಯುವ ದೊಡ್ಡ ಕಾರಣಗಳಲ್ಲಿ ಮೊದಲನೆಯದು ನೀರು ಏರಿಯ ನೆತ್ತಿ ಹತ್ತಿ ಹರಿಯುವುದು. ಕಾಂಕ್ರೀಟ್ ಕಟ್ಟೆ ಮೇಲೆ ನೀರು ಹಾರಿದರೆ ಸ್ವಲ್ಪ ಹೊತ್ತು ತಡೆದೀತು. ಮಣ್ಣು ತಡೆಯುವುದಿಲ್ಲ. ನೆತ್ತಿಯಲ್ಲಿ ಎಲ್ಲೋ ತಗ್ಗಾದ ಜಾಗ ಹುಡುಕಿ ನೀರು ಇಳಿಯುತ್ತದೆ, ಹೊರಬದಿಯ ಹುಲ್ಲು ಕಿತ್ತುಬರುತ್ತದೆ, ಕೊರಕಲು ಹಿಂದೆ ಹಿಂದೆ ಸರಿದು ಕೆರೆಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಮನುಷ್ಯರ ಕೈಯಲ್ಲಿ ಏನೂ ಇಲ್ಲ.

ಒಂದು ಲೆಕ್ಕ ಹಾಕೋಣ. ನಿಮ್ಮ ಕೆರೆಗೆ ನೀರು ಬರುವ ಗುಡ್ಡದ ಜಾಗ ಸುಮಾರು 40 ಎಕರೆ ಅಂತ ನಕ್ಷೆಯಲ್ಲಿ ಕಾಣುತ್ತದೆ. ಜುಲೈನಲ್ಲಿ ನೆಲ ನೆನೆದು ಕೂತಿರುವಾಗ ಗಂಟೆಗೆ 100 ಮಿ.ಮೀ. ಲೆಕ್ಕದ ಒಂದು ಜಡಿಮಳೆ ಬಂತು ಅಂತ ಇಟ್ಟುಕೊಳ್ಳಿ. ಬಿದ್ದದ್ದರಲ್ಲಿ ಅರ್ಧ ಹರಿದು ಬಂದರೂ ಸೆಕೆಂಡಿಗೆ ಸುಮಾರು 2,200 ಲೀಟರ್. ನಿಮ್ಮ ಎರಡಡಿ ಪೈಪು ಪೂರ್ತಿ ತೆರೆದಿದ್ದರೆ ಸುಮಾರು 600 ಲೀಟರ್ ಬಿಟ್ಟೀತು. ಉಳಿದ 1,600 ಎಲ್ಲಿ ಹೋಗಬೇಕು? ಕೆರೆಯಲ್ಲೇ ನಿಲ್ಲುತ್ತದೆ. ಒಂದೇ ಗಂಟೆಯಲ್ಲಿ ಮಟ್ಟ ಎರಡಡಿಗಿಂತ ಜಾಸ್ತಿ ಏರುತ್ತದೆ. ಇನ್ನು ಮೆಶ್‌ಗೆ ಸಿಲ್ವರ್ ಓಕ್ ಎಲೆ, ಕಾಫಿ ರೆಂಬೆ, ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಮೂರಡಿ ದಾಟುತ್ತದೆ. ನೀರಿನಿಂದ ನೆತ್ತಿಗೆ ನಿಮ್ಮಲ್ಲಿ ಇರುವುದೇ ಎರಡೂವರೆ ಅಡಿ. ಇಷ್ಟು ವರ್ಷ ಏನೂ ಆಗಿಲ್ಲ ಎಂದರೆ ಅಂಥ ಮಳೆ ಬಂದಾಗ ಕೆರೆ ಅಷ್ಟು ತುಂಬಿರಲಿಲ್ಲ, ಅಷ್ಟೇ. ಮಾವನವರ ಕಾಲದಲ್ಲಿ ಅದು ಬೇಸಾಯದ ಕೆರೆ. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ಖಾಲಿ ಮಾಡುತ್ತಿದ್ದರು. ಜೂನ್‌ನ ನೀರಿಗೆ ಜಾಗ ಇರುತ್ತಿತ್ತು. ಈಗ ದೋಣಿಗಾಗಿ ಖಾಲಿ ಮಾಡದೆ ಆದಷ್ಟು ತುಂಬಿಸಿಯೇ ಇಟ್ಟಿದ್ದೀರಿ. ಏರಿ ಅದೇ. ಅದರ ಕೆಲಸ ಮಾತ್ರ ಬದಲಾಗಿದೆ, ಯಾರೂ ಅದನ್ನು ಗಮನಿಸಿಲ್ಲ.

ಮೆಶ್ ವಿಷಯಕ್ಕೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಒಂದು ಮಣ್ಣಿನ ಅಣೆಕಟ್ಟು ಇತ್ತು. 72 ಅಡಿ ಎತ್ತರ. ಮೊದಲು ಕಾಲುವೆಯ ದೋಣಿ ಸಂಚಾರಕ್ಕೆ ನೀರು ಕೊಡಲು ಕಟ್ಟಿದ್ದು. ಆಮೇಲೆ ಶ್ರೀಮಂತರ ಒಂದು ಮೀನುಗಾರಿಕೆ ಮತ್ತು ಬೇಟೆ ಕ್ಲಬ್ ಅದನ್ನು ಕೊಂಡಿತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೂಡ ಅದರ ಸದಸ್ಯ. ಸಾರೋಟು ಓಡಾಡಲಿ ಅಂತ ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ನೀರು ಹೊರಬಿಡುವ ತಳದ ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕರ ಕಾಲದಲ್ಲೇ ಕಿತ್ತು ಗುಜರಿಗೆ ಮಾರಲಾಗಿತ್ತು, ಕ್ಲಬ್‌ನವರು ಮತ್ತೆ ಹಾಕಿಸಲಿಲ್ಲ. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಿಸಿದರು. 1889ರ ಮೇ 31ರಂದು ದೊಡ್ಡ ಮಳೆಗೆ ಜಾಲರಿಗೆ ಕಸಕಡ್ಡಿ ಕಟ್ಟಿಕೊಂಡಿತು. ಕೆಲಸಗಾರರು ಬೆಳಗಿನಿಂದ ಕಸ ತೆಗೆಯಲು, ಪಕ್ಕದಲ್ಲಿ ಇನ್ನೊಂದು ಕೋಡಿ ಅಗೆಯಲು ಹೆಣಗಾಡಿದರು. ಮಧ್ಯಾಹ್ನ ಮೂರು ಗಂಟೆ ದಾಟುವಷ್ಟರಲ್ಲಿ ಏರಿ ಒಡೆದುಹೋಯಿತು. 14 ಮೈಲಿ ಕೆಳಗಿನ ಜಾನ್ಸ್‌ಟೌನ್ ಊರಿನಲ್ಲಿ, ದಾರಿಯಲ್ಲಿ ಸತ್ತವರು 2,209 ಮಂದಿ. ನಿಮ್ಮ ಕೆರೆ ಅದರ ಮುಂದೆ ಬಹಳ ಚಿಕ್ಕದು, ನಿಜ. ಆದರೆ ಅಲ್ಲಿ ಮಾಡಿದ ಒಂದೊಂದು ಕೆಲಸವನ್ನೂ ನಮ್ಮ ಕಡೆಯ ರೆಸಾರ್ಟ್ ಕೆರೆಗಳಲ್ಲಿ ನೋಡಿದ್ದೇನೆ. ಏರಿ ಮೇಲೆ ಪಾರ್ಕಿಂಗ್, ಮುಚ್ಚಿಹೋದ ತೂಬು, ಕೋಡಿಗೆ ಬಲೆ.

ಹಾಗಾಗಿ ನನ್ನ ಮೊದಲ ಸಲಹೆ ಏರಿ ಎತ್ತರಿಸುವುದಲ್ಲ, ಕೋಡಿ ತಗ್ಗಿಸುವುದು. ಏರಿಯ ತುದಿ ಗುಡ್ಡಕ್ಕೆ ಸೇರುವ ಕಡೆ, ಹಾಕಿದ ಮಣ್ಣಿನಲ್ಲಿ ಅಲ್ಲ, ಹಳೆಯ ಗಟ್ಟಿ ನೆಲದಲ್ಲಿ, 20 ಅಡಿ ಅಗಲದ ತೆರೆದ ಕೋಡಿ ತೆಗೆಸಿ. ಅದರಲ್ಲಿ ಒಂದೂವರೆ ಅಡಿ ನೀರು ಹರಿದರೆ ಸೆಕೆಂಡಿಗೆ ಸುಮಾರು 2,900 ಲೀಟರ್ ಹೋಗುತ್ತದೆ. ಅದರ ಮೇಲೆ ಇನ್ನೂ ಎರಡಡಿ ಏರಿ ಉಳಿದಿರಬೇಕು. ಅಂದರೆ ಕೋಡಿಯ ಹಾಸಿನಿಂದ ನೆತ್ತಿಗೆ ಮೂರೂವರೆ ಅಡಿ. ಕೋಡಿಯ ಹಾಸಿನ ಮೇಲೆ ಒಂದು ಕಾಂಕ್ರೀಟ್ ಪಟ್ಟಿ, ಮುಂದೆ ಸೈಜುಗಲ್ಲಿನ ಸೋಲಿಂಗ್ (ಕಲ್ಲುಹಾಸು). ಕೋಡಿ ನೀರು ಏರಿಯ ಬುಡಕ್ಕೆ ತಿರುಗದೆ ನೇರ ಹಳ್ಳ ಸೇರಬೇಕು. ಇಟಾಚಿ ಕೆಲಸ, ಕಲ್ಲು ಎಲ್ಲ ಸೇರಿ ಮೂರು ವಾರದಲ್ಲಿ ಮುಗಿಯುತ್ತದೆ. ಅಗಲ ನಿರ್ಧರಿಸುವ ಮೊದಲು ಸ್ಥಳೀಯ ಸಿವಿಲ್ ಎಂಜಿನಿಯರ್ ಒಬ್ಬರಿಂದ ಮಟ್ಟ ತೆಗೆಸಿ. ಕೆಳಗೆ ಮನೆಗಳಿರುವುದರಿಂದ ಅವರು ಇನ್ನೂ ಅಗಲ ಬೇಕು ಅಂದರೆ ಚೌಕಾಸಿ ಮಾಡಬೇಡಿ. ಮಳೆಗಾಲದಲ್ಲಿ ಒಂದಷ್ಟು ಮೀನು ಕೋಡಿ ಹಾರಿ ಹೋಗುತ್ತವೆ. ಹೋಗಲಿ. ಮರಿ ಮತ್ತೆ ತಂದು ಬಿಡಬಹುದು.

ಇನ್ನು ಒಸರು. ಮೊದಲು ಒಂದು ಸಮಾಧಾನದ ಮಾತು: ಒಸರದ ಮಣ್ಣಿನ ಏರಿ ಇಲ್ಲ. ಮಣ್ಣು ನೀರು ಕುಡಿಯುತ್ತದೆ, ನಿಧಾನವಾಗಿ ಆಚೆ ಬಿಡುತ್ತದೆ. ನಿಮ್ಮ ಮೂರನೇ ಫೋಟೊದಲ್ಲಿ ಏರಿಯ ಬುಡದಲ್ಲಿ ಒಂದು ಪಟ್ಟಿ ಕೆಸು, ಜೊಂಡು ಕಡುಹಸಿರಾಗಿ ನಿಂತಿವೆ, ಸುತ್ತ ಹುಲ್ಲೆಲ್ಲ ಮೇ ಬಿಸಿಲಿಗೆ ಒಣಗಿದೆ. ಅಂದರೆ ಒಸರು ಹೋದ ವರ್ಷ ಹುಟ್ಟಿದ್ದಲ್ಲ, ಕೆರೆ ತಗ್ಗಿದಾಗಲೂ ಇದೆ, ಹಳೆಯದು. ಕೇಳಬೇಕಾದ ಪ್ರಶ್ನೆ ಎರಡೇ. ನೀರಿನ ಜತೆ ಮಣ್ಣು ಬರುತ್ತಿದೆಯೇ? ಕೆರೆ ಮಟ್ಟ ಅಷ್ಟೇ ಇದ್ದಾಗ ಒಸರು ಜಾಸ್ತಿ ಆಗುತ್ತಿದೆಯೇ?

ತಿಳಿನೀರು ಬಂದರೆ ನೀರು ಮಾತ್ರ ಹೋಗುತ್ತಿದೆ. ಬಗ್ಗಡ ಬಂದರೆ ಏರಿಯೇ ಹೋಗುತ್ತಿದೆ. ನೀರು ಹೊರಬರುವ ಕಡೆಯಿಂದ ಮಣ್ಣಿನ ಕಣ ಒಂದೊಂದಾಗಿ ತೊಳೆದು, ಸಣ್ಣ ಸುರಂಗ ಒಳಮುಖವಾಗಿ ಕೆರೆಯ ಕಡೆಗೆ ಬೆಳೆಯುತ್ತದೆ. ಬೆಳೆದಷ್ಟೂ ದಾರಿ ಹತ್ತಿರವಾಗಿ ನೀರಿನ ರಭಸ ಹೆಚ್ಚುತ್ತದೆ. ವರ್ಷಗಟ್ಟಲೆ ಸುಮ್ನೆ ಇದ್ದದ್ದು ಕೊನೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯಬಹುದು. ಪೈಪಿನ ಸುತ್ತ ಇದು ಜಾಸ್ತಿ. ಪೈಪಿನ ಹೊಟ್ಟೆಯ ಕೆಳಗೆ ದಮ್ಮಸು ಹೊಡೆದು ಮಣ್ಣು ಗಟ್ಟಿ ಮಾಡಲು ಯಾರ ಕೈಯೂ ಸರಿಯಾಗಿ ಹೋಗುವುದಿಲ್ಲ. ಅಲ್ಲಿ ಮಣ್ಣು ಸಡಿಲ ಉಳಿದು, ನೀರು ಪೈಪಿನ ಒಳಗೆ ಹರಿಯುವ ಬದಲು ಹೊರಮೈ ಹಿಡಿದು ಹರಿಯುತ್ತದೆ. ನಿಮ್ಮ ಜೌಗು ತೂಬಿನ ಪೈಪಿನಿಂದ ಎಷ್ಟು ದೂರ ಅಂತ ಪತ್ರದಲ್ಲಿ ಬರೆದಿಲ್ಲ. ಹತ್ತಡಿ ಒಳಗೆ ಇದ್ದರೆ ನಾನು ಅದನ್ನು ಸಾಮಾನ್ಯ ಒಸರು ಅಂತ ಬಿಡುವುದಿಲ್ಲ, ಪೈಪಿನ ಸುತ್ತ ಅಗೆಸಿ ನೋಡುತ್ತೇನೆ.

ಪರೀಕ್ಷೆ ಕಷ್ಟ ಇಲ್ಲ. ಜೌಗಿನ ಕೆಳಗೆ ಸಣ್ಣ ಕಾಲುವೆ ಬಿಡಿಸಿ, ಒಂದು ತುಂಡು ಪಿವಿಸಿ ಪೈಪಿನಲ್ಲಿ ನೀರು ಬೀಳುವ ಹಾಗೆ ಮಾಡಿ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡಿ. ಕೆರೆಯ ಅಂಚಿನಲ್ಲಿ ಅಡಿ ಗುರುತು ಹಾಕಿದ ಒಂದು ಗೂಟ ನೆಡಿ. ದಿನಾಂಕ, ಕೆರೆ ಮಟ್ಟ, ಬಕೆಟ್‌ನ ಸೆಕೆಂಡ್, ಹಿಂದಿನ ದಿನದ ಮಳೆ, ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ತೋಟದಲ್ಲಿ ಮಳೆ ಲೆಕ್ಕ ಹೇಗೂ ಬರೆಯುತ್ತೀರಿ. ಜತೆಗೆ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ರಾತ್ರಿ ಇಟ್ಟು ಬೆಳಗ್ಗೆ ಅಲುಗಾಡಿಸದೆ ತಳ ನೋಡಿ. ಕಂದು ಪುಡಿ ಪದರವಾಗಿ ಕೂತಿದ್ದರೆ ಎರಡು ಬೆರಳಲ್ಲಿ ತಿಕ್ಕಿ. ಕೊಳೆತ ಎಲೆಯ ಲೋಳೆ ಬೇರೆ, ಕೈಗೆ ನುಣ್ಣಗೆ ಹತ್ತುವ ಮಣ್ಣೇ ಬೇರೆ. ಕಬ್ಬಿಣದ ಅಂಶ ಇರುವ ನಮ್ಮ ಮಲೆನಾಡಿನ ನೀರು ಹೊರಗೆ ಬಂದ ಮೇಲೆ ಕಿತ್ತಳೆ ಬಣ್ಣದ ಕೆನೆ ಕಟ್ಟುತ್ತದೆ. ಅದು ಏರಿಯ ಮಣ್ಣಲ್ಲ, ಹೆದರಬೇಡಿ.

ಇಟಾಚಿಯವನ ಮಾತು ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ. ಹೊರಬದಿಯಿಂದ ಜೇಡಿ, ಸಿಮೆಂಟ್, ಟಾರ್ಪಾಲ್ ಯಾವುದರಿಂದ ಮುಚ್ಚಿದರೂ ನೀರು ಒಳಗೇ ನಿಂತು ಒತ್ತಡ ಹೆಚ್ಚಿಸುತ್ತದೆ. ಏರಿಯ ಹೊಟ್ಟೆ ನೆನೆದು ಮೆತ್ತಗಾಗಿ ಒಂದು ದಿನ ಹೊರಬದಿಯ ಮಣ್ಣು ಜಾರುತ್ತದೆ. ಅಥವಾ ನಾಲ್ಕಡಿ ಆಚೆ ಹೊಸ ಬಾಯಿ ತೆರೆಯುತ್ತದೆ. ಹೊರಗಡೆ ಮಾಡಬೇಕಾದ್ದು ಇದಕ್ಕೆ ಉಲ್ಟಾ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಅದಕ್ಕೆ ಸೋಸು ಪದರ ಬೇಕು. ಜೌಗಿನ ಮೇಲಿನ ಕೆಸು, ಕೊಳೆತ ಎಲೆ ತೆಗೆದು, ಜೌಗಿಗಿಂತ ನಾಲ್ಕೈದು ಅಡಿ ಸುತ್ತ ಜಾಸ್ತಿ ಜಾಗಕ್ಕೆ ಮೊದಲು ಒಂದಡಿ ದಪ್ಪಕ್ಕೆ ಒರಟು ಮರಳು. ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ 40 ಮಿ.ಮೀ. ಜಲ್ಲಿ, ಕೊನೆಗೆ ಭಾರಕ್ಕೆ ಬೋಲ್ಡರ್. ಮರಳು ಮಣ್ಣನ್ನು ತಡೆಯುತ್ತದೆ, ಜಲ್ಲಿ ಮರಳನ್ನು ತಡೆಯುತ್ತದೆ. ಕ್ರಮ ತಪ್ಪಿಸಿ ನೇರ ಜಲ್ಲಿ ಸುರಿದರೆ ಮಣ್ಣು ಸಂದಿಯಲ್ಲಿ ನುಸುಳಿ ಹೋಗುತ್ತದೆ, ಸುರಿದದ್ದು ದಂಡ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕುವುದಾದರೆ ತೊಳೆದದ್ದೇ ಬೇಕು. ಕ್ರಷರ್ ಪುಡಿ ತುಂಬಿದ ಮರಳು ಮಳೆ ಬಿದ್ದ ಮೇಲೆ ಗಟ್ಟಿಯಾಗಿ ನೀರು ಕಟ್ಟಿಸುತ್ತದೆ. ನಾನು ಬೇಡ ಅಂದ ಸಿಮೆಂಟ್ ಕೆಲಸವನ್ನೇ ಅದು ಮಾಡುತ್ತದೆ.

ಏಡಿಗೆ ಬರೋಣ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಕೆಳಗಿನ ಊರಿನವರು ಕೊಚ್ಚಿಹೋದರು. ಸೋರುತ್ತಿದೆ ಅಂತ ಜನ ಮೊದಲೇ ದೂರು ಕೊಟ್ಟಿದ್ದರು. ಅಲ್ಲಿನ ಸಚಿವರು ಏಡಿಗಳ ಮೇಲೆ ತಪ್ಪು ಹೊರಿಸಿ ದೇಶವೆಲ್ಲ ನಗುವ ಹಾಗಾಯಿತು. ಏಡಿ ಪೂರ್ತಿ ನಿರಪರಾಧಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಏರಿ ಬುಡದಲ್ಲಿ ಹತ್ತಿರ ಹತ್ತಿರ 100 ಅಡಿ ದಪ್ಪ ಇರಬೇಕು. ಅಷ್ಟು ದೂರ ಯಾವ ಏಡಿಯೂ ಕೊರೆಯುವುದಿಲ್ಲ. ಬುಡದ ಒಸರಿಗೆ ಏಡಿ ಕಾರಣ ಅಲ್ಲ. ಆದರೆ ಏಡಿ, ಹೆಗ್ಗಣ, ಮುಳ್ಳುಹಂದಿ ಕೊರೆಯುವುದು ನೆತ್ತಿಯ ಹತ್ತಿರ, ಏರಿ ತೆಳ್ಳಗಿರುವ ಕಡೆ. ಕೆರೆ ಮಟ್ಟ ಒಂದು ರಾತ್ರಿ ಎರಡಡಿ ಹೆಚ್ಚಾಗಿ ಆ ತೂತಿಗೆ ನೀರು ಹೊಕ್ಕರೆ ಅಲ್ಲಿಂದ ಶುರು. ಕೋಡಿ ಸರಿ ಇದ್ದರೆ ನೀರು ಅಲ್ಲಿಗೆ ಹೋಗುವುದೇ ಇಲ್ಲ. ತೂತುಗಳನ್ನು ಅಗೆದು, ಹಸಿಮಣ್ಣು ಆರಾರು ಇಂಚು ಹಾಕಿ ದಮ್ಮಸು ಹೊಡೆಸಿ. ಏರಿ ಮೇಲೆ ಹುತ್ತ ಇದ್ದರೆ ಮುಟ್ಟಲು ಜನ ಒಪ್ಪುವುದಿಲ್ಲ, ಗೊತ್ತು. ನೀರಿನ ಅತಿ ಎತ್ತರದ ಮಟ್ಟಕ್ಕಿಂತ ಮೇಲಿದ್ದರೆ ಬಿಟ್ಟುಬಿಡಿ. ಕೆಳಗಿದ್ದರೆ ಪೂಜೆ ಮಾಡಿಸಿ ತೆಗೆಸಬೇಕು.

ಮರದ ಬೇರು ಮಣ್ಣು ಹಿಡಿಯುತ್ತದೆ ಎನ್ನುವುದು ಗುಡ್ಡದ ಇಳಿಜಾರಿಗೆ ಸರಿ. ಏರಿಗೆ ಅಲ್ಲ. ಮರ ಬದುಕಿರುವಾಗ ಗಾಳಿಗೆ ಬುಡಮೇಲಾದರೆ ಬೇರಿನ ಜತೆ ಒಂದು ಗಾಡಿ ಮಣ್ಣು ಎದ್ದುಬರುತ್ತದೆ. ಸತ್ತರೆ ಬೇರು ಕೊಳೆತು ಆ ಜಾಗ ನಳಿಕೆಯಾಗುತ್ತದೆ. ಅಮೆರಿಕದ ಜಾರ್ಜಿಯಾದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಇದಕ್ಕೆ ಓದಬೇಕಾದ ಕಥೆ. ಮೊದಲು ಕರೆಂಟ್‌ಗೆ ಇದ್ದದ್ದು, 1957ರ ನಂತರ ಬರೀ ವಿಹಾರದ ಕೆರೆ. ಹೊರಬದಿ ತೀರಾ ಕಡಿದಾಗಿತ್ತು, ಮೇಲೆಲ್ಲ ಮರ ಬೆಳೆದಿತ್ತು, ಕೆಲವು ವರ್ಷ ಹಿಂದೆ ಒಂದು ಕಡೆ ಮಣ್ಣು ಜಾರಿತ್ತು. 1977ರ ನವೆಂಬರ್ 6ರ ನಸುಕಿನಲ್ಲಿ ಮಳೆಗೆ ಒಡೆಯಿತು. ಕೆಳಗೆ ಕಾಲೇಜಿನ ಆವರಣದಲ್ಲಿ ಮಲಗಿದ್ದವರಲ್ಲಿ 39 ಮಂದಿ ಸತ್ತರು. ತನಿಖೆ ಮಾಡಿದವರಿಗೂ ಇದೊಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಕಡಿದಾದ ಇಳಿಜಾರು, ಒಸರು, ನೆನೆದ ಮಣ್ಣು ಎಲ್ಲ ಸೇರಿದ್ದವು.

ಹಾಗಂತ ನಾಳೆಯೇ ಎಲ್ಲ ಮರ ಕೀಳಿಸಬೇಡಿ. ತೋಳಿಗಿಂತ ಸಣ್ಣ ಗಿಡಗಳನ್ನು ಬುಡಕ್ಕೆ ಕಡಿಸಿ. ನಿಮ್ಮ ಆ ಐದು ದೊಡ್ಡ ಸಿಲ್ವರ್ ಓಕ್ ಮತ್ತು ಬಿದಿರುಮೆಳೆಯನ್ನು ಮುಂದಿನ ಬೇಸಿಗೆಗೆ ಇಡಿ. ಕೆರೆ ತಗ್ಗಿಸಿ, ಬೊಡ್ಡೆ ಬೇರು ಸಮೇತ ತೆಗೆದು, ಗುಂಡಿಯನ್ನು ಪದರ ಪದರವಾಗಿ ತುಂಬಿ ಗಟ್ಟಿ ಮಾಡಬೇಕು. ಮಳೆ ಎದುರಿಗಿರುವಾಗ ಏರಿಯಲ್ಲಿ ಗುಂಡಿ ತೆಗೆಯುವುದು ಮರ ಇರುವುದಕ್ಕಿಂತ ಅಪಾಯ. ಆಮೇಲೆ ಗರಿಕೆ ಹಾಕಿಸಿ, ಮಳೆಗಾಲದಲ್ಲೂ ಕತ್ತರಿಸುತ್ತಿರಿ. ಕಾಣುವ ಏರಿಯನ್ನು ಮಾತ್ರ ನೋಡಿಕೊಳ್ಳಲು ಆಗುತ್ತದೆ.

ಮೂರಡಿ ಎತ್ತರಿಸುವ ಯೋಚನೆ ಬಿಡಿ. ಎರಡು ಎಕರೆಗೆ ಮೂರಡಿ ಎಂದರೆ ಈಗಿನ ನೀರಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸೇರುತ್ತದೆ. ಮಣ್ಣು ನೆತ್ತಿ ಮೇಲೆ ಮಾತ್ರ ಪೇರಿಸಿದರೆ ಇಳಿಜಾರು ಕಡಿದಾಗುತ್ತದೆ, ಹಳೆ ಮಣ್ಣು ಹೊಸ ಮಣ್ಣಿನ ನಡುವಿನ ಗೆರೆಯೇ ನೀರಿಗೆ ದಾರಿ. ಸರಿಯಾಗಿ ಮಾಡಬೇಕೆಂದರೆ ಬುಡವನ್ನೂ 13-14 ಅಡಿ ಅಗಲಿಸಬೇಕು. ಅಷ್ಟು ಖರ್ಚು ಯಾಕೆ? ಪೆಡಲ್ ಬೋಟಿಗೆ ಮೂರಡಿ ನೀರು ಸಾಕು. ಮುಂದಿನ ಬೇಸಿಗೆಯಲ್ಲಿ ಕೆರೆಯ ಹಿಂಭಾಗದ ಹೂಳು ತೆಗೆಸಿ. ಏರಿಯ ಒಳಬುಡದಿಂದ ಕನಿಷ್ಠ 30 ಅಡಿ ಬಿಟ್ಟು, ಹೂಳು ಮುಗಿದು ಗಟ್ಟಿ ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಆಸೆಗೆ ಇನ್ನೊಂದಡಿ ತೋಡಿದರೆ ಕೆರೆ ನೀರೇ ನಿಲ್ಲದೆ ಹೋಗುವುದುಂಟು. ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆ ಹಾಸಿ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಹಳ್ಳದ ಕೆರೆಯಲ್ಲಿ ಹಾಳೆಯ ಅಡಿಗೆ ನೀರು ನುಗ್ಗಿ ಉಬ್ಬುತ್ತದೆ, ಮೇಲಾಗಿ ಬಿದ್ದವರು ಆ ಜಾರಿಕೆಯಲ್ಲಿ ಮೇಲೆ ಹತ್ತಲಾರರು.

ಕೆರೆ ತಗ್ಗಿಸುವಾಗ ದಿನಕ್ಕೆ ಒಂದಡಿ ಮೀರಬೇಡಿ. ನೀರು ಸರ್ರನೆ ಇಳಿದರೆ ನೆನೆದ ಒಳಬದಿ ಆಸರೆ ಇಲ್ಲದೆ ಕುಸಿಯುತ್ತದೆ. ತುರ್ತು ಬಂದಾಗ ಮಾತ್ರ ಈ ಲೆಕ್ಕ ಇಲ್ಲ. ಅದಕ್ಕೇ ತೂಬು ಕೆಲಸ ಮಾಡುತ್ತಿರಬೇಕು. ನಿಮ್ಮ ಕೆರೆಯಲ್ಲಿ ಸುಮಾರು ಎರಡು ಕೋಟಿ ಲೀಟರ್ ಇದೆ. ಸೆಕೆಂಡಿಗೆ 15 ಲೀಟರ್ ಎಳೆಯುವ ಪಂಪು ಹಗಲು ರಾತ್ರಿ ಓಡಿದರೂ ಖಾಲಿಯಾಗಲು ಹದಿನೈದು ದಿನ. ಗೇಟು ತುಕ್ಕು ಹಿಡಿದು ಕೂತಿದ್ದರೆ ಈ ಮೂರು ವಾರದಲ್ಲೇ ಬಿಡಿಸಿ.

ಕಾನೂನಿನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರಿಗಿಂತ ಎತ್ತರದವಕ್ಕೆ ಅನ್ವಯ. ನಿಮ್ಮದು ಆರು ಮೀಟರ್. ಅಂದರೆ ಮಳೆಗಾಲದ ಮುಂಚೆ ಬಂದು ನೋಡಿ ಹೋಗುವ ಅಧಿಕಾರಿ ನಿಮಗೆ ಯಾರೂ ಇಲ್ಲ. ನೋಡಬೇಕಾದವರು ನೀವೇ. ಅಪಾಯ ಅಳೆಯುವುದು ಏರಿಯ ಎತ್ತರದಿಂದ ಅಲ್ಲ, ಅದರ ಕೆಳಗೆ ಯಾರಿದ್ದಾರೆ ಎನ್ನುವುದರಿಂದ. ನಿಮ್ಮ ಗಾತ್ರದ ಕೆರೆ ಒಡೆದರೆ ಸೆಕೆಂಡಿಗೆ ಸುಮಾರು 100 ಘನ ಮೀಟರ್‌ವರೆಗೆ ನೀರು ನುಗ್ಗಬಹುದು ಅಂತ ಸೂತ್ರಗಳ ಲೆಕ್ಕ ಹೇಳುತ್ತದೆ. ಟೆಂಟಿನ ಬಯಲಿಗೆ ಅದು ತಲುಪಲು ನಿಮಿಷವೂ ಬೇಕಿಲ್ಲ. ಟೆಂಟುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ. ಇದರಲ್ಲಿ ಮಳೆಗಾಲ, ಬೇಸಿಗೆ ಅಂತ ಭೇದ ಇಲ್ಲ. ಲೈನ್ ಮನೆಗಳನ್ನು ನಾಳೆಗೆ ನಾಳೆ ಎತ್ತಲಾಗದು. ಆದರೆ ಅಲ್ಲಿ ಇರುವವರಿಗೆ ವಿಷಯ ಗೊತ್ತಿರಬೇಕು. ಜಡಿಮಳೆಯ ರಾತ್ರಿ ಏರಿ ನೋಡಲು ಇಬ್ಬರು, ಒಂದು ಸೈರನ್, ಓಡಬೇಕಾದ ದಿಕ್ಕು. ಒಸರು ಬಗ್ಗಡವಾದರೆ, ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ ಅಥವಾ ಕೆರೆಯೊಳಗೆ ಸುಳಿ ಕಾಣಿಸಿದರೆ ಮೊದಲು ಜನರನ್ನು ಎಬ್ಬಿಸಿ, ಆಮೇಲೆ 112ಕ್ಕೆ ಫೋನ್ ಮಾಡಿ, ಆಮೇಲೆ ತೂಬು ತೆರೆಯಿರಿ. ಈ ಕ್ರಮ ತಪ್ಪಬಾರದು.

ದಸರಾ ಬುಕಿಂಗ್: ಕೋಣೆಗಳಿಗೆ ತೆಗೆದುಕೊಳ್ಳಿ. ದೋಣಿಯ ಮಾತು ಈಗಲೇ ಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ದಡದ ಮೇಲಿರಲಿ. ಹೊಸ ಕೋಡಿಯಲ್ಲಿ ನೀರು ಹೇಗೆ ಹರಿಯಿತು, ಬಕೆಟ್ ಎಷ್ಟು ಸೆಕೆಂಡಿಗೆ ತುಂಬಿತು ಎನ್ನುವ ಪುಸ್ತಕ ಸೆಪ್ಟೆಂಬರ್ ಕೊನೆಗೆ ನನಗೆ ಕಳಿಸಿ. ಒಂದೇ ಮಟ್ಟಕ್ಕೆ ಒಂದೇ ಒಸರು, ಬಾಟಲಿ ತಳ ಸ್ವಚ್ಛ ಅಂತಿದ್ದರೆ ಕೋಡಿಯ ಕಡೆ ದೋಣಿ ಹೋಗದಂತೆ ತೇಲುವ ಹಗ್ಗ ಕಟ್ಟಿಸಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ ಶುರು ಮಾಡಬಹುದು.